ಸಣ್ಣ ದೋಣಿಗೆ ಫ್ಲೇರ್ ಬೇಕಾ? ಬೇಕು, ಆದರೆ ಅದಕ್ಕಿಂತ ಮೊದಲು ಬೇಕಾದ್ದು ಬೇರೆ ಉಂಟು

ನೀವು ಕೇಳಿದ್ದು ಇಷ್ಟು: ಮೂವರು ಸ್ನೇಹಿತರು ಸೇರಿ 18 ಅಡಿಯ ಫೈಬರ್ ದೋಣಿ, ಅದಕ್ಕೊಂದು ಔಟ್‌ಬೋರ್ಡ್ ಇಂಜಿನ್ ತೆಗೆದುಕೊಂಡಿದ್ದೀರಿ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಓಡಿಸಬೇಕು, ಕಡಲು ಸುಮ್ಮನಿದ್ದ ದಿನ ಅಳಿವೆ (ಹೊಳೆ ಕಡಲಿಗೆ ಸೇರುವ ಜಾಗ) ದಾಟಿ ಸ್ವಲ್ಪ ಹೊರಗೂ ಹೋಗಬೇಕು, ರಜೆಯಲ್ಲಿ ಮಕ್ಕಳನ್ನೂ ಕರೆದುಕೊಂಡು. ನೆಟ್‌ನಲ್ಲಿ ಅಮೆರಿಕದ ಒಂದು ಪಟ್ಟಿ ಸಿಕ್ಕಿದೆ, ಅದರಲ್ಲಿ ಮೂರು ಫ್ಲೇರ್ (ಅಪಾಯದಲ್ಲಿ ಸಹಾಯಕ್ಕೆ ಕರೆಯಲು ಉರಿಸುವ ಬೆಳಕಿನ ಕಡ್ಡಿ) ಕಡ್ಡಾಯ ಅಂತ ಬರೆದಿದೆ. ನಮಗೂ ಬೇಕಾ, ಬೇರೆ ಏನೇನು ಇಡಬೇಕು?

ನಾನು ಕುಂಬಳೆ ಕಡೆ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುವವನು. ದಿನಾ ದೋಣಿಗಳನ್ನು ಹತ್ತಿ ಇಳಿಯುವ ಕೆಲಸ, ಹಾಗಾಗಿ ಯಾರು ಏನು ಇಟ್ಟಿದ್ದಾರೆ, ಎಲ್ಲಿ ಇಟ್ಟಿದ್ದಾರೆ ಅಂತ ಕಣ್ಣಿಗೆ ಬೀಳುತ್ತದೆ.

ಮೊದಲು ಆ ಅಮೆರಿಕದ ಪಟ್ಟಿ. ಅದು ಅಲ್ಲಿನ ಕೋಸ್ಟ್ ಗಾರ್ಡ್ ನಿಯಮ. ಕರಾವಳಿ ನೀರಿನಲ್ಲಿ ಓಡುವ 16 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಯಲ್ಲಿ ಹಗಲಿಗೂ ರಾತ್ರಿಗೂ ಕಾಣುವ ಅಪಾಯದ ಸಂಕೇತ ಇರಬೇಕು ಅಂತ. ಕೈಯಲ್ಲಿ ಹಿಡಿಯುವ ಕೆಂಪು ಫ್ಲೇರ್ ಮೂರು ಇದ್ದರೆ ಎರಡಕ್ಕೂ ಆಯಿತು. ಇಲ್ಲದಿದ್ದರೆ ಹಗಲಿಗೆ ಕಪ್ಪು ಚೌಕ, ಕಪ್ಪು ವೃತ್ತ ಇರುವ ಕಿತ್ತಳೆ ಬಾವುಟ, ರಾತ್ರಿಗೆ ತಾನಾಗಿ ಎಸ್‌ಓಎಸ್ ಮಿನುಗುವ ಎಲೆಕ್ಟ್ರಿಕ್ ದೀಪ. ಫ್ಲೇರ್ ತಯಾರಾಗಿ 42 ತಿಂಗಳು ದಾಟಿದರೆ ಲೆಕ್ಕಕ್ಕಿಲ್ಲ. ಇದು ಯಾವುದೂ ನಮಗೆ ಕಾನೂನಲ್ಲ. ಆದರೆ ಕೆಂಪು ಬೆಳಕು, ಕಿತ್ತಳೆ ಹೊಗೆ, ಎಸ್‌ಓಎಸ್, ಎರಡು ಕೈಯನ್ನೂ ಬದಿಗೆ ಚಾಚಿ ನಿಧಾನಕ್ಕೆ ಮೇಲೆ ಕೆಳಗೆ ಆಡಿಸುವುದು, ಇದೆಲ್ಲ ಅಂತರರಾಷ್ಟ್ರೀಯ ಸಂಕೇತಗಳು. ಮಂಜೇಶ್ವರದಲ್ಲಿ ನಿಂತು ಕೈ ಆಡಿಸಿದರೂ ಅರ್ಥ ಅದೇ.

ನಮ್ಮಲ್ಲಿ ಹೊಳೆ, ಹಿನ್ನೀರಿನ ದೋಣಿಗಳಿಗೆ 1917ರ ಹಳೆ ಕಾನೂನು ಹೋಗಿ ಒಳನಾಡು ಹಡಗುಗಳ ಕಾಯ್ದೆ, 2021 ಬಂದಿದೆ. ಇಂಜಿನ್ ಇರುವ ದೋಣಿಗೆ ಸರ್ವೆ ಆಗಬೇಕು, ನೋಂದಣಿ ಆಗಬೇಕು. ಕೇರಳದಲ್ಲಿ ಇದನ್ನು ನೋಡಿಕೊಳ್ಳುವುದು ಮಾರಿಟೈಮ್ ಬೋರ್ಡ್ ಕೈಕೆಳಗಿನ ಬಂದರು ಕಚೇರಿ. ನಿಮ್ಮ ದೋಣಿಯಲ್ಲಿ ಎಷ್ಟು ಜನ ಕೂರಬಹುದು, ಏನೇನು ಸಾಮಾನು ಇರಬೇಕು ಅಂತ ಅವರೇ ಬರೆದು ಕೊಡುತ್ತಾರೆ. ಅಳಿವೆ ದಾಟಿ ಹೊರಗೆ ಹೋಗುವ ಆಸೆ ಉಂಟು ಅಂತಲೂ ಅರ್ಜಿ ಕೊಡುವಾಗಲೇ ಹೇಳಿಬಿಡಿ, ಯಾಕೆಂದರೆ ಹೊಳೆಗೆ ಕೊಟ್ಟ ಪರವಾನಗಿಯಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ.

ಕಾನೂನಿನ ಮಾತು ಅಷ್ಟು ಸಾಕು. ಈಗ ನಿಜವಾಗಿ ಹೇಳಬೇಕಾದ್ದು.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಟೂರಿಸ್ಟ್ ಬೋಟ್ ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳು ಎಷ್ಟೋ. ಮೀನಿನ ದೋಣಿಯನ್ನು ತಿದ್ದಿ ಮಾಡಿದ ಬೋಟು, ಮಿತಿಗಿಂತ ಜಾಸ್ತಿ ಜನ, ಕತ್ತಲಾಗುವ ಹೊತ್ತು. ಅದು ನಡೆದದ್ದು ನಡುಗಡಲಿನಲ್ಲಿ ಅಲ್ಲ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ ಹೋದರು, ಅದು ಕೆರೆಯ ಹಾಗೆ ನಿಂತ ನೀರು. ಈ ಎರಡರಲ್ಲೂ ದೋಣಿ ತುಂಬ ಫ್ಲೇರ್ ಇದ್ದರೂ ಒಂದು ಜೀವ ಉಳಿಯುತ್ತಿರಲಿಲ್ಲ. ದೋಣಿ ಮಗುಚುವುದಕ್ಕೆ ಒಂದು ನಿಮಿಷವೂ ಬೇಡ. ಆ ಹೊತ್ತಿಗೆ ಮೈಮೇಲೆ ಏನಿದೆಯೋ ಅದೇ ಸಾಮಾನು. ಪೆಟ್ಟಿಗೆಯಲ್ಲಿದ್ದದ್ದು ಇಲ್ಲದ ಲೆಕ್ಕ.

ಹಾಗಾಗಿ ದುಡ್ಡು ಮೊದಲು ಲೈಫ್ ಜಾಕೆಟ್‌ಗೆ ಹಾಕಿ. ತಲೆಗೊಂದು, ಮತ್ತು ದೋಣಿ ಕಟ್ಟು ಬಿಚ್ಚುವ ಮೊದಲೇ ಎಲ್ಲರ ಮೈಮೇಲೆ. ನನ್ನ ಹತ್ತಿರ ಬರುವ ದೋಣಿಗಳಲ್ಲಿ ಜಾಕೆಟ್ ಎಲ್ಲಿರುತ್ತದೆ ಗೊತ್ತಾ? ಮುಂದಿನ ಪೆಟ್ಟಿಗೆಯೊಳಗೆ, ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ ಸಮೇತ, ಅದರ ಮೇಲೆ ಪೆಟ್ರೋಲ್ ಕ್ಯಾನು, ಅದರ ಮೇಲೆ ಹಗ್ಗದ ಸುರುಳಿ. ಪ್ಲಾಸ್ಟಿಕ್ ಬಿಚ್ಚಿದರೆ ಹೊಲಿಗೆಯ ದಾರ ಬೆರಳಲ್ಲಿ ಎಳೆದರೆ ಬರುತ್ತದೆ, ಉಪ್ಪುಗಾಳಿ ಮತ್ತು ಪೆಟ್ರೋಲ್ ಹೊಗೆ ಎರಡೂ ಸೇರಿ ತಿಂದಿರುತ್ತವೆ. ಒಳಗಿನ ಫೋಮ್ ಒತ್ತಿದರೆ ಹಾಗೆಯೇ ತಗ್ಗಾಗಿ ನಿಲ್ಲುತ್ತದೆ, ಮೇಲೆ ಬರುವುದಿಲ್ಲ. ಅಂಥದ್ದು ನೀರಿನಲ್ಲಿ ನಿಮ್ಮನ್ನು ಎತ್ತುವುದಿಲ್ಲ ಮಾರಾಯ್ರೆ. ಬಿಸಾಡಿ.

ಕೊಳ್ಳುವಾಗ ಒಳಬದಿಯ ಲೇಬಲ್ ಓದಿ. ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವುದನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 50 ನ್ಯೂಟನ್ ಅಂತಿದ್ದರೆ ಅದು ಈಜು ಬರುವವರಿಗೆ, ದಡದ ಹತ್ತಿರ ಮಾತ್ರ. 100 ಇದ್ದರೆ ಶಾಂತ ನೀರಿಗೆ ಸಾಕು. ಅಳಿವೆ ದಾಟುವವರಿಗೆ 150 ಒಳ್ಳೆಯದು. ಮಕ್ಕಳದ್ದು ತೂಕ ನೋಡಿ ತನ್ನಿ, ಕಾಲುಗಳ ನಡುವೆ ಹಾದು ಬರುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ಹಾಕಿ ಬಕಲ್ ಬಿಗಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು. ಮತ್ತೆ ಒಂದು ಬೆಳಿಗ್ಗೆ ಹೊಳೆಯಲ್ಲಿ ಕುತ್ತಿಗೆಮಟ್ಟದ ನೀರಿಗೆ ಎಲ್ಲರೂ ಇಳಿದು ಕಾಲು ಬಿಟ್ಟು ನೋಡಿ. ಮಕ್ಕಳಿಗೆ ಇದು ಆಟ, ನಿಮಗೆ ಧೈರ್ಯ. ಬಣ್ಣ ಕಿತ್ತಳೆಯೇ ಇರಲಿ, ನೀಲಿ ಜಾಕೆಟ್ ಚಂದ ಕಾಣಬಹುದು, ಕಡಲಿನಲ್ಲಿ ಕಾಣುವುದೇ ಇಲ್ಲ.

ಆ ಜಾಕೆಟ್‌ಗೆ ಒಂದು ಸೀಟಿ ಕಟ್ಟಿ. ಬಾಯಿಯಲ್ಲಿ ಕೂಗಿದರೆ ಸ್ವಲ್ಪ ಹೊತ್ತಿಗೆ ಗಂಟಲು ಹೋಗುತ್ತದೆ, ಸೀಟಿ ಉಸಿರು ಇರುವಷ್ಟು ಹೊತ್ತು ಕೇಳುತ್ತದೆ. ಒಳಗೆ ಕಾಳಿಲ್ಲದ ಪ್ಲಾಸ್ಟಿಕ್ ಸೀಟಿ ತನ್ನಿ, ಅದು ಒದ್ದೆಯಾದರೂ ಊದುತ್ತದೆ. ದೊಡ್ಡವರ ಜಾಕೆಟ್‌ನಲ್ಲಿ ನೀರು ಹೋಗದ ಸಣ್ಣ ಟಾರ್ಚ್ ಒಂದು ಇರಲಿ. ಮೂರು ಸಣ್ಣ, ಮೂರು ಉದ್ದ, ಮತ್ತೆ ಮೂರು ಸಣ್ಣ ಮಿನುಗು, ಅದೇ ಎಸ್‌ಓಎಸ್. ಹಗಲಿಗೆ ಅಂಗೈಯಷ್ಟು ಕನ್ನಡಿ ಸಾಕು, ಬಿಸಿಲಿನಲ್ಲಿ ಅದರ ಹೊಳಪು ಬಹಳ ದೂರ ಹೋಗುತ್ತದೆ. ಇದಕ್ಕೆಲ್ಲ ಹೆಚ್ಚು ಖರ್ಚಿಲ್ಲ.

ಫೋನ್ ನೀರು ಹೋಗದ ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿ. ಚೀಲದ ಹೊರಗಿನಿಂದ, ಕೈ ಒದ್ದೆ ಮಾಡಿಕೊಂಡು, ನಂಬರ್ ಒತ್ತಿ ನೋಡಿ. ಕೆಲವು ಚೀಲಗಳಲ್ಲಿ ಸ್ಕ್ರೀನ್ ಮಾತೇ ಕೇಳುವುದಿಲ್ಲ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸರದ್ದು 1093, ಎರಡೂ ಸಿಗದಿದ್ದರೆ 112. ಮೊದಲು ಎಲ್ಲಿದ್ದೀರಿ ಅಂತ ಹೇಳಿ, ಆಮೇಲೆ ಎಷ್ಟು ಜನ, ಆಮೇಲೆ ಏನಾಯಿತು. ಲೈನ್ ಯಾವಾಗ ಕಟ್ ಆಗುತ್ತದೋ ಗೊತ್ತಿಲ್ಲ, ಜಾಗ ಒಂದು ತಿಳಿದರೂ ಅವರು ಹೊರಡುತ್ತಾರೆ. ಮ್ಯಾಪ್‌ನಲ್ಲಿ ನೀವಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ ರೇಖಾಂಶದ ಅಂಕೆ ಬರುತ್ತದೆ, ಅದನ್ನು ಓದುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಇನ್ನೊಂದು, ಕಾಸರಗೋಡಿನ ನಮಗೆ ಮಾತ್ರ ಇರುವ ವಿಷಯ: ಆ ಕಡೆ ಫೋನ್ ಎತ್ತುವವರು ಮಲಯಾಳಂ, ಹಿಂದಿ ಅಥವಾ ಇಂಗ್ಲಿಷ್ ಮಾತಾಡುವವರು ಆಗಿರಬಹುದು. ಗಾಬರಿಯಲ್ಲಿ ನಮಗೆ ಬರುವುದು ತುಳು, ಕನ್ನಡ. ನಾಲ್ಕು ವಾಕ್ಯ ಮಲಯಾಳಂನಲ್ಲಿ, ಕನ್ನಡ ಲಿಪಿಯಲ್ಲೇ ಬರೆದು, ಚೀಲದ ಹಿಂಬದಿಗೆ ಅಂಟಿಸಿಕೊಳ್ಳಿ.

ಈಗ ಫ್ಲೇರ್. ಹೊಳೆಗೆ ಮಾತ್ರ ಅಂದರೆ ನಾನು ಒತ್ತಾಯ ಮಾಡುವುದಿಲ್ಲ. ಅಳಿವೆ ದಾಟುತ್ತೀರಿ ಅಂದರೆ ಇಡಲೇಬೇಕು. ಹಡಗಿನ ಗುಣಮಟ್ಟದ ಕೈ ಫ್ಲೇರ್ ಒಂದು ನಿಮಿಷ ಉರಿಯುತ್ತದೆ. ಅಂದರೆ ಮೂರು ಫ್ಲೇರ್ ನಿಮ್ಮ ಹತ್ತಿರ ಉಂಟು ಅಂದರೆ ಮೂರು ನಿಮಿಷದ ಬೆಳಕು ಉಂಟು, ಅಷ್ಟೇ. ಇಂಜಿನ್ ನಿಂತ ಕೂಡಲೇ ಗಾಬರಿಯಲ್ಲಿ ಮೂರನ್ನೂ ಉರಿಸಿದರೆ ಕತೆ ಮುಗಿಯಿತು. ದೋಣಿ ಕಂಡರೆ, ಇಂಜಿನ್ ಸದ್ದು ಕೇಳಿದರೆ, ದಡದಲ್ಲಿ ಜನ ಕಂಡರೆ ಆಗ ಉರಿಸಿ. ಪ್ಯಾರಾಚೂಟ್ ರಾಕೆಟ್ ಸುಮಾರು 300 ಮೀಟರ್ ಮೇಲೆ ಹೋಗಿ 40 ಸೆಕೆಂಡ್ ಉರಿಯುತ್ತದೆ, ದೂರದವರಿಗೆ ಕಾಣುವುದು ಅದು, ಆದರೆ ಹೆಲಿಕಾಪ್ಟರ್ ಬಂದ ಮೇಲೆ ಅದನ್ನು ಮುಟ್ಟಬೇಡಿ. ಹಗಲಿಗೆ ಕಿತ್ತಳೆ ಹೊಗೆಯ ಡಬ್ಬಿ, ನೀರಿಗೆ ಹಾಕಿದರೆ ತೇಲುತ್ತಾ ಮೂರು ನಿಮಿಷ ಹೊಗೆ ಬಿಡುತ್ತದೆ. ನಿಮಗೆ ನಾನು ಹೇಳುವುದು ಮೂರು ಕೈ ಫ್ಲೇರ್, ಒಂದು ಹೊಗೆ ಡಬ್ಬಿ.

ಉರಿಸುವ ರೀತಿ ಮುಖ್ಯ. ಕೈ ಫ್ಲೇರ್‌ನಿಂದ ಕರಗಿದ ಕೆಂಡ ತೊಟ್ಟಿಕ್ಕುತ್ತದೆ. ನಿಮ್ಮದು ಫೈಬರ್ ದೋಣಿ, ಒಳಗೆ ಪೆಟ್ರೋಲ್. ಗಾಳಿ ಹೋಗುವ ಬದಿಯಲ್ಲಿ, ತೋಳು ಪೂರ್ತಿ ಹೊರಗೆ ಚಾಚಿ, ನೀರಿನ ಮೇಲೆ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ಕೈಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ಬೆಂಕಿಯನ್ನು ನೋಡಬೇಡಿ. ಎಳೆಯಬೇಕೋ, ತಿರುಪಬೇಕೋ, ಬುಡ ಕುಟ್ಟಬೇಕೋ ಅನ್ನುವುದು ಒಂದೊಂದು ಕಂಪನಿಯದ್ದು ಒಂದೊಂದು ತರ. ಕತ್ತಲಲ್ಲಿ ಓದಲು ಆಗುವುದಿಲ್ಲ, ಹಗಲೇ ಓದಿ ಎಲ್ಲರಿಗೂ ತೋರಿಸಿ.

ಹಡಗು, ಬೋಟಿನ ಸಾಮಾನು ಮಾರುವ ಅಂಗಡಿಗಳನ್ನು ಮಂಗಳೂರಿನ ಬಂದರು, ದಕ್ಕೆ ಕಡೆ ವಿಚಾರಿಸಿ. ತಯಾರಾದ ತಾರೀಕು, ಮುಗಿಯುವ ತಾರೀಕು ಎರಡೂ ನೋಡಿ ಕೊಳ್ಳಿ. ಆದರೆ ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ಚೀಲದಲ್ಲಿ ಹಾಕಿಕೊಂಡು ಬರಬೇಡಿ. ಪಟಾಕಿಯಂಥ ಸಿಡಿಮದ್ದಿನ ಸಾಮಾನು ರೈಲಿನಲ್ಲಿ ತರುವುದು ಅಪರಾಧ, ಫ್ಲೇರ್ ಅದರಲ್ಲೇ ಬರುತ್ತದೆ. ಅವಧಿ ಮುಗಿದದ್ದನ್ನು ದೀಪಾವಳಿಗೋ ಜಾತ್ರೆಗೋ ಹಚ್ಚುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಕಡಲ ಬದಿಯಲ್ಲಿ ಕೆಂಪು ಬೆಳಕು ಕಂಡರೆ ಯಾರೋ ಮುಳುಗುತ್ತಿದ್ದಾರೆ ಅಂತ ನಮ್ಮ ಮೊಗವೀರರು ಊಟ ಬಿಟ್ಟು ದೋಣಿ ಇಳಿಸುತ್ತಾರೆ. ಅವರನ್ನು ಸುಮ್ನೆ ಓಡಿಸಬಾರದು. ಹಳೆಯದನ್ನು ಕೊಂಡ ಅಂಗಡಿಗೇ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ.

ರೇಡಿಯೋ ಬಗ್ಗೆ: ವಿಎಚ್‌ಎಫ್ ಚಾನೆಲ್ 16 ಅಪಾಯದ ಕರೆಗೆ ಇರುವಂಥದ್ದು, ಮೂರು ಸಲ ಮೇಡೇ ಅಂತ ಹೇಳಿ ಶುರು ಮಾಡುವುದು. ನಮ್ಮಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ಉಪಗ್ರಹಕ್ಕೆ ಸಂಕೇತ ಕಳಿಸುವ ಇಪಿಐಆರ್‌ಬಿ ಅಂತ ಒಂದು ಉಂಟು, 406 ಮೆಗಾಹರ್ಟ್ಸ್‌ನದ್ದು. ಅದರ ಕೂಗು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬಂದು ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಮೀನುಗಾರರು ಉಪಗ್ರಹದ ಮೂಲಕ ಅಪಾಯದ ಸಂಕೇತ ಕಳಿಸಲಿ ಅಂತ ಇಸ್ರೋ ಮಾಡಿದ ಡಿಎಟಿ ಅನ್ನುವ ಯಂತ್ರದ ಎರಡನೇ ತಲೆಮಾರು 2024ರಲ್ಲಿ ಬಂತು, ಅದರಲ್ಲಿ ನಿಮ್ಮ ಕೂಗು ತಲುಪಿತು ಅಂತ ವಾಪಸ್ ಉತ್ತರವೂ ಬರುತ್ತದೆ. ಒಳ್ಳೆಯ ಸಾಮಾನುಗಳು, ಆದರೆ ದಡ ಕಾಣುವಷ್ಟು ದೂರ ಹೋಗುವ ನಿಮಗೆ ಈಗಲೇ ಬೇಕಾಗಿಲ್ಲ.

ಇಂಜಿನ್‌ನವನಾಗಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಇಂಜಿನ್‌ಗೆ ಒಂದು ಕೆಂಪು ಸುರುಳಿ ಹಗ್ಗ ಬಂದಿರುತ್ತದೆ, ಒಂದು ತುದಿ ಸ್ವಿಚ್‌ಗೆ, ಇನ್ನೊಂದು ತುದಿ ಓಡಿಸುವವರ ಮಣಿಕಟ್ಟಿಗೆ. ಓಡಿಸುವವರು ನೀರಿಗೆ ಬಿದ್ದರೆ ಹಗ್ಗ ಕಳಚಿ ಇಂಜಿನ್ ನಿಲ್ಲುತ್ತದೆ. ಹೆಚ್ಚಿನವರು ಅದನ್ನು ಸ್ವಿಚ್‌ನಲ್ಲೇ ಬಿಟ್ಟು ಇನ್ನೊಂದು ತುದಿಯನ್ನು ಇಂಜಿನ್‌ಗೇ ಸುತ್ತಿಡುತ್ತಾರೆ. ಹಾಗೆ ಮಾಡಿದರೆ ಬಿದ್ದವರನ್ನು ಬಿಟ್ಟು ದೋಣಿ ಹೋಗುತ್ತದೆ, ಇಲ್ಲವೇ ಸುತ್ತು ಹಾಕಿ ಅವರ ಮೇಲೆಯೇ ಬರುತ್ತದೆ. ದಯವಿಟ್ಟು ಕೈಗೆ ಹಾಕಿಕೊಳ್ಳಿ.

ಬಳೆಯಂಥ ಲೈಫ್ ಬಾಯ್ ಒಂದು, ಅದಕ್ಕೆ 30 ಮೀಟರ್ ಹಗ್ಗ. ಹಗ್ಗ ಪಾಲಿಪ್ರೊಪಿಲೀನ್‌ನದ್ದೇ ಆಗಬೇಕು, ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ಎಸೆಯುವ ಮೊದಲು ಇಂಜಿನ್ ಆಫ್ ಮಾಡಿ, ಇಲ್ಲದಿದ್ದರೆ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬಾರದು, ಪುಡಿಯ ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಇಡಿ, ಮುಳ್ಳು ಹಸಿರಿನಲ್ಲಿದೆಯಾ ನೋಡುತ್ತಿರಿ. ಎರಡು ಹುಟ್ಟು, ನೀರು ಚೆಲ್ಲಲು ಕತ್ತರಿಸಿದ ಕ್ಯಾನು, ಕುಡಿಯುವ ನೀರು.

ಲಂಗರು ತರಲು ಮರೆತೀರಿ ಮತ್ತೆ! ಅಳಿವೆಯಲ್ಲಿ ಇಂಜಿನ್ ಕೈಕೊಟ್ಟರೆ ನಿಮ್ಮನ್ನು ಉಳಿಸುವುದು ಅದು. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ಕಡಲ ತೆರೆ ಬಂದರೆ ಅಲ್ಲಿ ತೆರೆ ಎದ್ದು ಒಡೆಯುತ್ತದೆ, ಅಡ್ಡ ತಿರುಗಿದ ದೋಣಿ ಅಲ್ಲೇ ಮಗುಚುತ್ತದೆ. ಮುಂಭಾಗದಿಂದ ಲಂಗರು ಬಿಟ್ಟರೆ ದೋಣಿಯ ಮೂತಿ ತೆರೆಗೆ ಎದುರಾಗಿ ನಿಲ್ಲುತ್ತದೆ. ಆದರೂ ಮಗುಚಿತು ಅಂದರೆ ದೋಣಿ ಬಿಟ್ಟು ದಡಕ್ಕೆ ಈಜಲು ಹೋಗಬೇಡಿ, ಹಿಡಿದುಕೊಂಡೇ ಇರಿ. ಮನುಷ್ಯನ ತಲೆಗಿಂತ ದೋಣಿಯ ಬೆನ್ನು ಬೇಗ ಕಾಣುತ್ತದೆ.

ಕೊನೆಗೆ, ಖರ್ಚಿಲ್ಲದ ಸಂಕೇತ ಒಂದು: ದಡದಲ್ಲಿ ಒಬ್ಬರು. ಮನೆಯವರೋ, ಅಳಿವೆ ಹತ್ತಿರದ ಚಾದ ಅಂಗಡಿಯ ಅಣ್ಣನೋ. ಎಷ್ಟು ಜನ, ಯಾವ ಕಡೆ, ಎಷ್ಟು ಗಂಟೆಗೆ ವಾಪಸ್, ಆ ಗಂಟೆ ದಾಟಿ ಎಷ್ಟು ಹೊತ್ತಿಗೆ 1093ಕ್ಕೆ ಫೋನ್ ಮಾಡಬೇಕು, ಇಷ್ಟು ಬರೆದು ಕೊಟ್ಟು ಹೋಗಿ, ಬಂದ ಮೇಲೆ ಬಂದೆವು ಅಂತ ಹೇಳಿ. ಹೊರಡುವ ಮೊದಲು ಕಡಲಿನ ಸ್ಥಿತಿ ತಿಳಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇನ್ಕಾಯಿಸ್‌ನ ತೆರೆ ಮುನ್ಸೂಚನೆ ನೋಡಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಇಲ್ಲಿ ಟ್ರಾಲಿಂಗ್ ನಿಷೇಧ, ಹೊರಗೆ ದೊಡ್ಡ ಬೋಟುಗಳೇ ಇರುವುದಿಲ್ಲ, ಫ್ಲೇರ್ ಉರಿಸಿದರೂ ನೋಡುವವರು ಕಡಿಮೆ. ಆ ತಿಂಗಳುಗಳಲ್ಲಿ ದೋಣಿ ಮೇಲೆ ಎಳೆದಿಟ್ಟು ಇಂಜಿನ್ ಸರ್ವಿಸ್ ಮಾಡಿಸಿ. ಮಳೆ ಕಳೆದ ಮೇಲೆ ಅಳಿವೆಯ ಮರಳು ಜಾಗ ಬದಲಾಯಿಸಿರುತ್ತದೆ, ಹಾಗಾಗಿ ಮೊದಲ ಸಲ ಹೊರಗೆ ಹೋಗುವಾಗ ಅಲ್ಲಿನ ಒಬ್ಬ ಮೀನುಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಕ್ಕಳನ್ನು ಆ ದಿನ ಮನೆಯಲ್ಲೇ ಬಿಡಿ.