ಪಾಟ್ ಕೊಳ್ಳುವ ಮೊದಲು ಅದರ ಬೆನ್ನ ಮೇಲಿನ ಅಕ್ಷರ ಓದಿ

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಗಿಟಾರು ಕಣ್ಣ ಮುಂದೆ ಬಂತು. ನಿಮ್ಮದೂ ಸ್ಟ್ರಾಟ್ ಮಾದರಿ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರಿನಂಥದ್ದು), ಮೂರು ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ, ಒಂದೊಂದೇ ಸುರುಳಿಯ ಭಾಗಗಳು. ಸ್ಟ್ರಮ್ ಮಾಡುವಾಗ ಕೈ ತಾಗಿ ವಾಲ್ಯೂಮ್ ಇಳಿದುಹೋಗುತ್ತೆ, ಬೇಕೆಂದೇ ಇಳಿಸಿದರೆ ಧ್ವನಿ ಮಂಕಾಗುತ್ತೆ, ಅದಕ್ಕೆ 500ಕೆ ಪಾಟ್ (ನಾಬಿನ ಅಡಿಯಲ್ಲಿ ತಿರುಗುವ ರೆಸಿಸ್ಟರ್, 500 ಕಿಲೋಓಮ್‌ನದ್ದು) ಹಾಕಿ, ಕಾಯಿಲ್ ಸ್ಪ್ಲಿಟ್‌ಗೆ (ಎರಡು ಕಾಯಿಲ್‌ನ ಪಿಕಪ್‌ನಲ್ಲಿ ಒಂದನ್ನು ಬಿಡಿಸೋದಕ್ಕೆ) ಪುಶ್-ಪುಲ್, ಅಂದರೆ ಎಳೆದರೆ ಸ್ವಿಚ್ ಆಗುವ ಪಾಟ್ ಕೂಡ ಸೇರಿಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಸಿಂಗಲ್ ಕಾಯಿಲ್‌ನಲ್ಲಿ ಸ್ಪ್ಲಿಟ್ ಮಾಡಲು ಎರಡನೇ ಕಾಯಿಲೇ ಇಲ್ಲ. 500ಕೆ ಪಾಟ್ ಪೂರ್ತಿ ತೆರೆದಾಗ ಚೂಪಾಗಿ ಕೇಳುತ್ತೆ, ನಿಜ, ಆದರೆ ಇಳಿಸಿದಾಗ ಇನ್ನೂ ಜಾಸ್ತಿ ಮಂಕಾಗುತ್ತೆ. ಅಂದರೆ ನಿಮ್ಮ ತೊಂದರೆ ಹೆಚ್ಚುತ್ತೆ.

ನಾನು ಮಂಡ್ಯ, ಮದ್ದೂರು ಕಡೆ ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸುತ್ತೇನೆ. ನಮ್ಮ ತಂಡದಲ್ಲಿ ಪಿಟೀಲಿನವರಿಲ್ಲ, ಆದ್ದರಿಂದ ಪಿಟೀಲಿನ ಬಿಟ್‌ಗಳು ನನ್ನ ಪಾಲಿಗೆ ಬರುತ್ತವೆ. ವಾಲ್ಯೂಮ್ ಸೊನ್ನೆಗಿಟ್ಟು ತಂತಿ ಮೀಟಬೇಕು, ಆಮೇಲೆ ಕಿರುಬೆರಳಿನಿಂದ ನಾಬ್ ತಿರುಗಿಸುತ್ತಾ ಹೋಗಬೇಕು. ಮೀಟಿದ ಸದ್ದು ಕೇಳೋದೇ ಇಲ್ಲ, ಕಮಾನು ಎಳೆದ ಹಾಗೆ ಸ್ವರ ಮಾತ್ರ ಮೆಲ್ಲಗೆ ಅರಳುತ್ತೆ. ಆರು ತಿಂಗಳು ಕೂತು ಕಲಿತ ಕೆಲಸ ಅದು.

ಒಂದು ವರ್ಷ ಗಣೇಶನ ಹಬ್ಬಕ್ಕೆ ಮೊದಲು ಹಳೇ ವಾಲ್ಯೂಮ್ ಪಾಟ್ ಕರಕರ ಅನ್ನೋಕೆ ಶುರುವಾಯಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ "250ಕೆ ಪಾಟ್ ಎರಡು ಕೊಡಿ" ಅಂದೆ. ಕೊಟ್ಟರು. ರಾತ್ರಿ ಕೂತು ಸಾಲ್ಡರ್ ಮಾಡಿ, ಮನೆಯವರೆಲ್ಲ ಮಲಗಿದ್ದರಿಂದ ಹೆಡ್‌ಫೋನ್ ಹಾಕಿಕೊಂಡು, ನಾಬ್ ಪೂರ್ತಿ ತೆರೆದು ನಾಲ್ಕು ಕಾರ್ಡ್ ನುಡಿಸಿ ನೋಡಿದೆ. ಕರಕರ ಹೋಗಿತ್ತು. ಖುಷಿಯಾಗಿ ಮಲಗಿದೆ.

ಮರುದಿನ ವೇದಿಕೆ ಮೇಲೆ ಗಾಯಕಿ ಆಲಾಪ ಮುಗಿಸಿ ಷಡ್ಜದಲ್ಲಿ ನಿಂತರು. ನಾನು ಪಂಚಮದಿಂದ ಮೆಲ್ಲಗೆ ಒಳಗೆ ಬರಬೇಕು. ಕಿರುಬೆರಳು ಎಳ್ಳುಕಾಳಿನಷ್ಟು ಜರುಗಿತೋ ಇಲ್ಲವೋ, ಗಿಟಾರು ಕಿರುಚಿಬಿಟ್ಟಿತು. ಅವರು ಬೆಚ್ಚಿ ನನ್ನ ಕಡೆ ತಿರುಗಿದರು. ಮುಂದಿನ ಹಾಡಿನಲ್ಲೂ ಅದೇ. ಕಾರ್ಯಕ್ರಮ ಮುಗಿದ ಮೇಲೆ ತಂಡದ ಯಜಮಾನರು "ನೋಡಪ್ಪಾ, ಮುಂದಿನ ಮೂರು ಪ್ರೋಗ್ರಾಮಿಗೆ ಆ ಬಿಟ್ಟೆಲ್ಲ ಕೀಬೋರ್ಡಲ್ಲೇ ಮಾಡ್ಕೋತೀವಿ" ಅಂದರು. ಆ ಸೀಸನ್ನಿನ ಅರ್ಧ ಸಂಪಾದನೆ ಅಲ್ಲಿಗೆ ಹೋಯಿತು.

ತಪ್ಪು ಏನೆಂದರೆ, ನಾನು ತಂದ ಪಾಟ್‌ನ ಬೆನ್ನ ಮೇಲೆ ಬಿ250ಕೆ ಅಂತ ಅಚ್ಚಾಗಿತ್ತು. ಬೇಕಾಗಿದ್ದದ್ದು ಎ250ಕೆ. ಅಂಗಡಿಯವರ ತಪ್ಪಲ್ಲ, ನಾನು ಅಕ್ಷರ ಹೇಳಲೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಆಗ ನನಗೆ ಯಾರೂ ಹೇಳಲಿಲ್ಲ. ಬಿ ಅಂದರೆ ಲೀನಿಯರ್: ನಾಬ್ ಅರ್ಧ ತಿರುಗಿಸಿದರೆ ವೋಲ್ಟೇಜ್ ಅರ್ಧ. ಲೆಕ್ಕಕ್ಕೆ ಸರಿಯಾಗೇ ಇದೆ, ಆದರೆ ಕಿವಿಯ ಲೆಕ್ಕ ಬೇರೆ. ವೋಲ್ಟೇಜ್ ಅರ್ಧವಾದರೆ ಇಳಿಯೋದು 6 ಡೆಸಿಬೆಲ್, ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಾಗಾಗಿ ಬಿ ಪಾಟ್‌ನಲ್ಲಿ ನಾಬಿನ ಅಂಕಿ 10ರಿಂದ 5ರ ತನಕ ಹೆಚ್ಚೇನೂ ಆದಂತೆ ಕೇಳಲ್ಲ, ಇಳಿಯೋದೆಲ್ಲ ಕೊನೆಯ ಚೂರಿನಲ್ಲಿ. ಸೊನ್ನೆಯಿಂದ ಏರುವಾಗ ಇದೇ ತಿರುಗುಮುರುಗು. ಎ ಅಂದರೆ ಆಡಿಯೋ ಟೇಪರ್, ಕಿವಿಯ ಲೆಕ್ಕಕ್ಕೆ ಹೊಂದುವ ಏರಿಳಿತ. ಅದರಲ್ಲಿ ನಾಬ್ ನಡುವೆ ಇದ್ದಾಗ ದಾಟುವ ವೋಲ್ಟೇಜ್ ಸುಮಾರು ಶೇಕಡ 10ರಿಂದ 15 ಮಾತ್ರ. ಬಿ ಪಾಟ್ 1ಕ್ಕೇ ಕೊಟ್ಟುಬಿಡುವ ಸದ್ದನ್ನು ಎ ಪಾಟ್ 5ರ ಹತ್ತಿರ ಕೊಡುತ್ತೆ. ಆ ನಾಲ್ಕು ಅಂಕಿಯ ದಾರಿಯಲ್ಲೇ ನನ್ನ ಪಿಟೀಲು ಇದ್ದದ್ದು.

ಅಚ್ಚನ್ನೂ ಪೂರ್ತಿ ನಂಬಬೇಡಿ, ಕೆಲವು ಹಳೇ ಯುರೋಪಿನ ಪಾಟ್‌ಗಳಲ್ಲಿ ಎ ಅಂದರೇ ಲೀನಿಯರ್. ಮಲ್ಟಿಮೀಟರ್ ತಗೊಂಡು, ಸಾಲ್ಡರ್ ಮಾಡುವ ಮೊದಲೇ, ನಾಬ್ ನಟ್ಟನಡುವೆ ನಿಲ್ಲಿಸಿ, ಗ್ರೌಂಡಿಗೆ ಹೋಗುವ ಕಾಲಿಗೂ ನಡುವಿನ ಕಾಲಿಗೂ ಅಳೆಯಿರಿ. 125ಕೆ ಹತ್ತಿರ ತೋರಿಸಿದರೆ ಲೀನಿಯರ್. 25ರಿಂದ 40ಕೆ ಒಳಗಿದ್ದರೆ ನಿಮಗೆ ಬೇಕಾದ್ದು ಅದೇ.

ಈಗ ನಿಮ್ಮ ಗಿಟಾರಿಗೆ ಬರೋಣ. ಕೈ ಎಲ್ಲಿ ಹೋಗುತ್ತೆ ಅನ್ನೋದು ಮೊದಲು, ವೈರು ಆಮೇಲೆ. ಸ್ಟ್ರಾಟ್ 1954ರಲ್ಲಿ ಬಂದಾಗ ಪಿಕಪ್ ಆರಿಸೋಕೆ ಇದ್ದದ್ದು ಮೂರು ಹಂತದ ಸ್ವಿಚ್. ವಾದಕರು ಅದನ್ನು ಎರಡು ಹಂತದ ನಡುವೆ ಸಿಕ್ಕಿಸಿ ಹೊಸ ಧ್ವನಿ ತೆಗೆದರು, ಕಾರ್ಖಾನೆಯವರು ಐದು ಹಂತದ ಸ್ವಿಚ್ ಕೊಟ್ಟದ್ದು 1977ರಲ್ಲಿ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಕೈಯಾರೆ ಜೋಡಿಸಿಕೊಂಡ ಗಿಟಾರಿನಲ್ಲಿ ಕೆಲಸ ಮಾಡುತ್ತಿದ್ದ ನಾಬ್ ಒಂದೇ, ಅದು ವಾಲ್ಯೂಮ್. ನಿಮ್ಮ ಮೂರನೇ ನಾಬನ್ನು, ಅಂದರೆ ಎರಡನೇ ಟೋನನ್ನು (ಧ್ವನಿಯ ಚೂಪು ತಗ್ಗಿಸುವ ನಾಬ್), ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ ಮುಟ್ಟಿದ್ದೀರಿ? ನನ್ನದರ ಬುಡದಲ್ಲಿ ಧೂಳು ಕೂತಿತ್ತು.

ಕಿರುಬೆರಳಿನ ಕೆಲಸ ನಿಮಗಿಲ್ಲ ಅಂದರೆ ವಾಲ್ಯೂಮನ್ನು ಎರಡನೇ ತೂತಿಗೆ ಸರಿಸಿ, ಮೂರನೆಯದರಲ್ಲಿ ಮೂರೂ ಪಿಕಪ್‌ಗೆ ಸೇರಿ ಒಂದೇ ಟೋನ್ ಇಡಿ. ಮೊದಲ ತೂತು ಖಾಲಿ ಇರಲಿ. ಡ್ರಿಲ್ ಬೇಕಿಲ್ಲ, ಸ್ಟ್ರಮ್ ಮಾಡುವ ಕೈಗೆ ಜಾಗವಾಗುತ್ತೆ. ಮೂಲ ವೈರಿಂಗ್‌ನಲ್ಲಿ ಬ್ರಿಡ್ಜ್ (ತಂತಿ ಕೂರುವ ಕುದುರೆ) ಪಕ್ಕದ ಪಿಕಪ್ಪಿಗೆ ಟೋನೇ ಇರಲ್ಲ, ಆ ಚುಚ್ಚುವ ಧ್ವನಿಯೂ ಇದರಿಂದ ಹದಕ್ಕೆ ಬರುತ್ತೆ.

ಮಂಕಾಗೋದಕ್ಕೆ ಮದ್ದು ಟ್ರೆಬಲ್ ಬ್ಲೀಡ್. ಇಳಿಸಿದ ಪಾಟ್‌ನ ರೆಸಿಸ್ಟೆನ್ಸೂ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ ಟ್ರೆಬಲ್, ಅಂದರೆ ಚೂಪು ಧ್ವನಿ, ನುಂಗುತ್ತವೆ, ಅದಕ್ಕೊಂದು ಪಕ್ಕದ ದಾರಿ ಮಾಡಿಕೊಡೋದು ಅಷ್ಟೆ. 1.2 ನ್ಯಾನೊಫ್ಯಾರಡ್ ಕೆಪಾಸಿಟರಿಗೆ 130ಕೆ ರೆಸಿಸ್ಟರನ್ನು ಸಾಲಾಗಿ ಜೋಡಿಸಿ, ವಾಲ್ಯೂಮ್ ಪಾಟ್‌ನ ಪಿಕಪ್ ಕಡೆಯ ಕಾಲಿಗೂ ನಡುವಿನ ಕಾಲಿಗೂ ಬೆಸೆಯಿರಿ. 130 ಸಿಗದಿದ್ದರೆ 120 ನಡೆಯುತ್ತೆ. ರೆಸಿಸ್ಟರನ್ನು ಕೆಪಾಸಿಟರಿಗೆ ಸಮಾನಾಂತರವಾಗಿ ಹಾಕುವ ಪದ್ಧತಿಯೂ ಇದೆ, ನನಗೆ ಅದು ಹಿಡಿಸಲ್ಲ. ಕಷ್ಟಪಟ್ಟು ತಂದ ಎ ಟೇಪರನ್ನೇ ಅದು ಬದಲಿಸಿಬಿಡುತ್ತೆ.

ನಾನು ಮಾತ್ರ ವಾಲ್ಯೂಮನ್ನು ತಂತಿ ಪಕ್ಕದಲ್ಲೇ ಉಳಿಸಿಕೊಂಡೆ. ಸ್ಟೇಜ್ ಲೈಟಿನ ಶಾಖಕ್ಕೆ ಬೆರಳು ಬೆವತು ಜಾರುತ್ತೆ ಅಂತ ನಾಬಿಗೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಬಿಗಿದಿದ್ದೇನೆ.

ಕೆಲಸ ಶುರು ಮಾಡುವ ಮೊದಲು ಪಿಕ್‌ಗಾರ್ಡ್ ಬಿಚ್ಚಿ ಫೋಟೋ ತೆಗೆದಿಟ್ಟುಕೊಳ್ಳಿ. ಹಿಂದಿನ ಸ್ಪ್ರಿಂಗ್ ಕಡೆಯಿಂದ ಬರುವ ಗ್ರೌಂಡ್ ವೈರ್ ಯಾವ ಪಾಟ್‌ನ ಬೆನ್ನಿಗಿದೆ ಅಂತಲೂ ನೋಡಿ. ಆ ಫೋಟೋ ಇಲ್ಲೇ ಹಾಕಿ, ಯಾವ ವೈರ್ ಎಲ್ಲಿಂದ ಎಲ್ಲಿಗೆ ಅಂತ ಕೈಯಲ್ಲೇ ಚಿತ್ರ ಬರೆದು ಕೊಡ್ತೀನಿ.