ಕಾಲು ಹೊರಳಿದ ಮೇಲೆ ಪಾದದ ಹೊರಬದಿ ನೋವು: ತಿಕ್ಕಿಸುವ ಮುಂಚೆ ಓದಿ

ತೋಟದ ಕಪ್ಪು (ನೀರು ಹರಿಯುವ ಕಾಲುವೆ) ದಾಟುವಾಗ ಕಾಲು ಹೊರಳಿತು, ವಾರ ಕಳೆದರೂ ಪಾದದ ಹೊರಬದಿ ನೋವು ಹೋಗಿಲ್ಲ, ಉಳುಕು ತೆಗೆಸಲಾ ಅಂತ ಕೇಳಿದ್ದೀರಿ. ಅಣ್ಣಾ, ಸದ್ಯಕ್ಕೆ ಯಾರ ಕೈಗೂ ಕಾಲು ಕೊಡಬೇಡಿ.

ಕಿರುಬೆರಳಿನ ಬುಡದಿಂದ ಹಿಮ್ಮಡಿ ಕಡೆಗೆ ಪಾದದ ಅಂಚಿನಲ್ಲೇ ಬೆರಳು ಎಳೆದುಕೊಂಡು ಬನ್ನಿ. ಅರ್ಧ ದಾರಿಯಲ್ಲಿ ಮೂಳೆಯ ಉಬ್ಬೊಂದು ಸಿಗುತ್ತದೆ. ಅಲ್ಲಿ ಒತ್ತಿದರೆ ಜೀವ ಹೋದಂತಾಗುತ್ತದಾ? ಅಥವಾ ನಾಲ್ಕು ಹೆಜ್ಜೆ ಊರಿ ನಡೆಯಲು ಆಗುತ್ತಿಲ್ಲವಾ? ಎರಡರಲ್ಲಿ ಒಂದಿದ್ದರೂ ಎಕ್ಸ್‌ರೇ ತೆಗೆಸಲೇಬೇಕು. ಪಾದ ಒಳಕ್ಕೆ ಮಡಚಿದಾಗ ಆ ಉಬ್ಬಿನ ಚೂರು ಕಿತ್ತುಬರುವುದುಂಟು. ಅದು ಸಾಮಾನ್ಯವಾಗಿ ಆರೆಂಟು ವಾರದಲ್ಲಿ ಕೂಡುತ್ತದೆ, ಆಪರೇಷನ್ ಬೇಕಾಗುವುದು ಕಮ್ಮಿ. ಉಬ್ಬಿಗಿಂತ ಸ್ವಲ್ಪ ಕಿರುಬೆರಳಿನ ಕಡೆಗೆ ಮುರಿದರೆ ಕಥೆಯೇ ಬೇರೆ. ಅದಕ್ಕೆ ಜೋನ್ಸ್ ಮುರಿತ ಅನ್ನುತ್ತಾರೆ. ರಾಬರ್ಟ್ ಜೋನ್ಸ್ ಎಂಬ ಬ್ರಿಟಿಷ್ ಸರ್ಜನ್ ಕುಣಿಯುವಾಗ ತಮ್ಮದೇ ಕಾಲು ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಬರೆದರು. ಆ ಜಾಗಕ್ಕೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಕೂಡುವುದೂ ನಿಧಾನ. ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಇಂಥ ಕಾಲನ್ನು ಎಣ್ಣೆ ಹಚ್ಚಿ ಎಳೆದರೆ ಏನಾಗಬಹುದು, ನೀವೇ ಹೇಳಿ.

ಉಬ್ಬಿನ ಮೇಲೆ ನೋವಿಲ್ಲ, ಹೊರಗಿನ ಹರಡಿನ (ಕಣಕಾಲಿನ ಗಂಟಿನ) ಹಿಂದೆ, ಕೆಳಗೆ ಎಳೆಯುತ್ತದೆ ಅಂದರೆ ಅಲ್ಲಿ ಹಾದುಹೋಗುವ, ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಸ್ನಾಯುರಜ್ಜುಗಳಿಗೆ ಪೆಟ್ಟಾಗಿರಬಹುದು. ನಮ್ಮ ಮಲೆನಾಡಿನವರಿಗೆ ಇದು ಹೊರಳದೆಯೂ ಬರುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ನಡೆಯುವಾಗ ಕೆಳಬದಿಯ ಪಾದ ಹೊರಕ್ಕೆ ವಾಲುತ್ತದೆ, ಅದನ್ನು ಹಿಡಿದಿಡುವುದು ಇವೇ. ಗಮ್‌ಬೂಟು ಲೊಡಲೊಡ ಇದ್ದರಂತೂ ಇವಕ್ಕೆ ಡಬಲ್ ಕೆಲಸ. ಬೂಟಿನ ಹಿಮ್ಮಡಿ ತಿರುಗಿಸಿ ನೋಡಿ. ಹೊರಗಡೆ ಮಾತ್ರ ಸವೆದಿದ್ದರೆ ಬದಲಿಸಿ. ಕೆಲ ದಿನ ಇಳಿಜಾರಿನ ಕೆಲಸ ಬಿಡಿ, ಬಟ್ಟೆ ಸುತ್ತಿ ಐಸ್ ಇಡಿ. ನೋವು ಇಳಿದ ಮೇಲೆ ಕುರ್ಚಿಯಲ್ಲಿ ಕೂತು, ಪಾದದ ಹೊರ ಅಂಚನ್ನು ಗೋಡೆಗೆ ಒತ್ತಿ ಹಿಡಿದು ಬಿಡಿ. ಬಲ ಬರುತ್ತದೆ.

ಕಿರುಬೆರಳಿನ ಬುಡದಲ್ಲೇ ಕೆಂಪಾಗಿ ಉಬ್ಬಿದ್ದರೆ ಬೂಟು ಬಿಗಿ ಅಂತಲೇ ಲೆಕ್ಕ. ಚಕ್ಕಳಮಕ್ಕಳ ಹಾಕಿ ಜಾಸ್ತಿ ಹೊತ್ತು ಕೂರುವುದೂ ಅಲ್ಲಿಗೆ ಒತ್ತುತ್ತದೆ.

ಇನ್ನೊಂದು ಮಾತು. ಏಟೇ ಬೀಳದೆ, ನಡೆದಷ್ಟೂ ಹೆಚ್ಚುವ ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ‘ಏನಿಲ್ಲ’ ಅಂದರೂ ನೋವು ಉಳಿದರೆ ಮತ್ತೆ ತೋರಿಸಿ. ಶುಗರ್ ಇದ್ದವರಿಗೆ ಪಾದದ ನೋವು ಗೊತ್ತಾಗದೇ ಇರಬಹುದು, ಅವರು ನೋವನ್ನು ನಂಬಿ ಕೂರಬಾರದು. ಪಾದ ಬಿಸಿಯಾಗಿ ಊದಿದ್ದರೆ, ನೋವಿಲ್ಲದಿದ್ದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ಒತ್ತಿ ನೋಡಿ, ಎಲ್ಲಿ ನೋವು ಅಂತ ಇಲ್ಲೇ ಬರೆಯಿರಿ. ಸುಮ್ನೆ ಊತದ ಫೋಟೋ ಹಾಕಿದರೆ ಏನೂ ಗೊತ್ತಾಗುವುದಿಲ್ಲ.