ಹುಬ್ಬಳ್ಳಿವರೆಗೆ ಸರಿಯಾಗಿಯೇ ಹಾರಿಬಂದ ವಿಮಾನದ ಭಾಗವನ್ನೂ ಕಡ್ಡಾಯವಾಗಿ ಬದಲಿಸಬೇಕು ಅಂತಾರಲ್ಲ, ಯಾಕೆ?

ಯಾಕೆಂದರೆ ದೋಷ ಇರುವುದು ಆ ಒಂದು ವಿಮಾನದಲ್ಲಲ್ಲ, ಆ ಭಾಗದ ವಿನ್ಯಾಸ ಅಥವಾ ತಯಾರಿಕೆಯಲ್ಲಿ. ಒಂದರಲ್ಲಿ ಕಂಡರೆ ಅದೇ ಪಾರ್ಟ್ ನಂಬರಿನ ಎಲ್ಲವೂ ಅನುಮಾನಕ್ಕೆ ಬರುತ್ತವೆ.

‘ಒಂದು ಕೆಟ್ಟರೆ ಇನ್ನೊಂದು ಇರ್ತದಲ್ಲ’ ಅನ್ನಬಹುದು. ಏರ್‌ಬಸ್ ಎ320ರಲ್ಲಿ ಎಲಾಕ್ ಎಂಬ ಕಂಪ್ಯೂಟರ್ ಎರಡಿವೆ. ಮೂತಿಯನ್ನು ಏರಿಸಿ ಇಳಿಸುವ, ವಿಮಾನವನ್ನು ಪಕ್ಕಕ್ಕೆ ವಾಲಿಸುವ, ಬಾಲ ಮತ್ತು ರೆಕ್ಕೆಗಳ ಅಂಚಿನ ಪಟ್ಟಿಗಳನ್ನು ಅವೇ ಆಡಿಸುತ್ತವೆ. ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಕೆಟ್ಟದ್ದು ನಿಲ್ಲದೆ ತಪ್ಪು ಆದೇಶ ಕೊಟ್ಟರೆ? ಅಥವಾ ಎರಡರಲ್ಲೂ ಒಂದೇ ದೋಷವಿದ್ದರೆ? ಅಲ್ಲಿಗೆ ಜೋಡಿಯ ಭರವಸೆ ಮುಗಿಯಿತು. ಬಸ್ಸಾದರೆ ಗಬ್ಬೂರು ಬೈಪಾಸಿನಲ್ಲಿ ಪಕ್ಕಕ್ಕೆ ನಿಲ್ಲಿಸಬಹುದು, ವಿಮಾನಕ್ಕೆ ಆ ಅನುಕೂಲ ಇಲ್ಲ.

2025ರ ಅಕ್ಟೋಬರ್ 30ರಂದು ಅಮೆರಿಕಕ್ಕೆ ಹೋಗುತ್ತಿದ್ದ ಒಂದು ಎ320ರ ಮೂತಿ ಪೈಲಟ್ ಹೇಳದೆಯೇ ಕೆಳಗೆ ಬಾಗಿತು. ನವೆಂಬರ್ 28ಕ್ಕೆ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ತುರ್ತು ಆದೇಶ ಬಂತು: ದೋಷದ ಎಲಾಕ್ ಸರಿಪಡಿಸದೆ ಮುಂದಿನ ಹಾರಾಟ ಇಲ್ಲ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೂಡ ಅದನ್ನು ಜಾರಿ ಮಾಡಿತು. ವಿನಾಯಿತಿ ಒಂದೇ: ರಿಪೇರಿ ಸ್ಥಳ ಮುಟ್ಟಲು, ಪ್ರಯಾಣಿಕರಿಲ್ಲದೆ, ಗರಿಷ್ಠ 3 ಹಾರಾಟ. ಹೆಚ್ಚಿನ ವಿಮಾನಗಳಿಗೆ ಎಲಾಕ್‌ನ ಹಿಂದಿನ ಆವೃತ್ತಿಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿದರೆ ಸಾಕಾಯಿತು. ಕೆಲವು ಹಳೆಯ ವಿಮಾನಗಳಿಗೆ ಎಲಾಕ್ ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಿಸಬೇಕಿತ್ತು.

ಬದಲಿಸಿದ ಮೇಲೆ ಪಾರ್ಟ್ ನಂಬರ್ ತಾಳೆ ನೋಡಿ, ಪರೀಕ್ಷೆ ನಡೆಸಿ, ದಾಖಲೆಯಲ್ಲಿ ಬರೆದು, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕಬೇಕು. ಆ ಸಹಿ ಬೀಳುವತನಕ ವಿಮಾನ ನೆಲದ ಮೇಲೇ.